ಕ್ಯಾರವಾನ್ ಎಳೆದುಕೊಂಡು ದೇವಿಮನೆ ಘಟ್ಟ ಇಳಿಯಬೇಕು: 600 ಪೌಂಡಿನ ಹಿಚ್ ಸಾಕೋ, 1000 ಪೌಂಡಿನದೇ ಬೇಕೋ?

ನೀವು ಕೊಟ್ಟ ವಿವರ ಇಷ್ಟು: ಚಾಸಿ ಇರುವ ಪಿಕಪ್, ಸಾಮಾನು ತುಂಬಿದಾಗ ಸುಮಾರು 1500 ಕೆಜಿ ತೂಗುವ ಕ್ಯಾರವಾನ್, ಶಿರಸಿಯಿಂದ ಕುಮಟಾಕ್ಕೆ ಇಳಿದು ಅಲ್ಲಿಂದ ಕಾರವಾರ. ಅಂಗಡಿಯವರು ಎರಡು ಅಳತೆಯ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಕ್ಯಾರವಾನಿನ ಭಾರವನ್ನು ಎಲ್ಲ ಆಕ್ಸಲ್‌ಗಳಿಗೂ ಹಂಚುವ ಕೊಂಡಿ) ತೋರಿಸಿ ‘ದೊಡ್ಡದೇ ಇರಲಿ’ ಅಂದಿದ್ದಾರೆ. ದೊಡ್ಡದು ಬೇಡ. ನಿಮ್ಮ ಲೆಕ್ಕಕ್ಕೆ 600ರದ್ದೇ ಹೊಂದುತ್ತದೆ. ಆದರೆ ದುಡ್ಡು ಕೊಡುವ ಮೊದಲು ಮೂತಿಯ ಭಾರ, ಅಂದರೆ ಕ್ಯಾರವಾನಿನ ಮುಂತುದಿ ಕೆಳಕ್ಕೆ ಒತ್ತುವ ಭಾರ, ತೂಗಿಸಿ.

ಆ 600, 1000 ಅನ್ನುವುದು ಕ್ಯಾರವಾನಿನ ಒಟ್ಟು ತೂಕವಲ್ಲ, ಬಾಲ್ (ಪಿಕಪ್ಪಿನ ಹಿಂದಿನ ಕೊಂಡಿಯ ಲೋಹದ ಗುಂಡು) ಮೇಲೆ ಕೂರುವ ಭಾರ. ಎತ್ತಿನ ಗಾಡಿ ಹೂಡಿದವರಿಗೆ ಇದು ಗೊತ್ತು: ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಕುತ್ತಿಗೆ ಅಮುಕುತ್ತದೆ, ಹಿಂಭಾರವಾದರೆ ನೊಗವೇ ಮೇಲೇಳುತ್ತದೆ. ಇಂಥ ಹಿಚ್ ಹಾಕುವ ಕ್ಯಾರವಾನಿನಲ್ಲಿ ಒಟ್ಟು ತೂಕದ 10ರಿಂದ 15 ಶೇಕಡಾ ಬಾಲ್ ಮೇಲಿರಬೇಕು. ಕಡಿಮೆಯಾದರೆ ಕ್ಯಾರವಾನ್ ಬಾಲ ಬೀಸತೊಡಗುತ್ತದೆ. ಆ ರೋಗಕ್ಕೆ ಈ ಹಿಚ್ ಔಷಧಿಯಲ್ಲ, ಸಾಮಾನನ್ನೇ ಮುಂದಕ್ಕೆ ಸರಿಸಬೇಕು.

12 ಶೇಕಡಾ ಹಿಡಿದರೆ ನಿಮ್ಮದು 180 ಕೆಜಿ. ಪಿಕಪ್ಪಿನ ಎರಡು ಆಕ್ಸಲ್ ನಡುವೆ 3 ಮೀಟರ್, ಹಿಂದಿನ ಆಕ್ಸಲ್‌ನಿಂದ ಬಾಲ್‌ವರೆಗೆ 1.2 ಮೀಟರ್ ಅಂದುಕೊಳ್ಳಿ. ಆಗ ಮುಂದಿನ ಚಕ್ರಗಳ ಮೇಲಿಂದ 72 ಕೆಜಿ ಎದ್ದುಹೋಗಿ, ಹಿಂದಿನ ಆಕ್ಸಲ್ ಮೇಲೆ 252 ಕೆಜಿ ಬೀಳುತ್ತದೆ. ಮಳೆಯಲ್ಲಿ ದೇವಿಮನೆಯ ತಿರುವಿನಲ್ಲಿ ಸ್ಟೇರಿಂಗ್ ಹಗುರಾಗುವುದು, ಮುಂದಿನ ಬ್ರೇಕಿಗೆ ಹಿಡಿತ ಸಾಲದಿರುವುದು ಈ 72 ಕೆಜಿಯಿಂದಲೇ. ಹಿಚ್ಚಿನಿಂದ ಕ್ಯಾರವಾನಿನ ಫ್ರೇಮಿನತ್ತ ಚಾಚುವ ಸ್ಪ್ರಿಂಗ್ ಬಾರ್‌ಗಳು (ಬಾಗುವ ಉಕ್ಕಿನ ಸಲಾಕೆಗಳು) ಅದರಲ್ಲಿ ಒಂದು ಪಾಲನ್ನು ಮುಂದಿನ ಆಕ್ಸಲ್‌ಗೆ ಮರಳಿಸುತ್ತವೆ, ಇನ್ನೊಂದು ಪಾಲನ್ನು ಕ್ಯಾರವಾನಿನ ಚಕ್ರಕ್ಕೆ ದಾಟಿಸುತ್ತವೆ. ಹಿಂದಿನ ಸ್ಪ್ರಿಂಗಿಗೆ ಪ್ಲೇಟ್ ಸೇರಿಸಿದರೂ, ಸಸ್ಪೆನ್ಷನ್‌ಗೆ ಏರ್‌ಬ್ಯಾಗ್ (ಗಾಳಿಚೀಲ) ಹಾಕಿದರೂ ಗಾಡಿಯ ಹಿಂಭಾಗ ಎತ್ತರವಾಗುತ್ತದೆಯೇ ಹೊರತು ಮುಂದಿನ ಭಾರ ವಾಪಸು ಬರುವುದಿಲ್ಲ.

ತೂಗಲು ಅಡಿಕೆ ವ್ಯಾಪಾರಿಗಳ ಪ್ಲಾಟ್‌ಫಾರ್ಮ್ ತಕ್ಕಡಿ ಚೆನ್ನಾಗಿದೆ, 200 ಕೆಜಿಗೂ ಹೆಚ್ಚು ತೂಗುವಂಥದ್ದಿರಬೇಕು. ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಇಷ್ಟು ಸಣ್ಣ ಭಾರ ನಿಖರವಾಗಿ ಸಿಗದು. ಸಮತಟ್ಟು ನೆಲದಲ್ಲಿ ಚಕ್ರಕ್ಕೆ ಅಡೆ ಕೊಟ್ಟು, ತಕ್ಕಡಿಯ ಮೇಲೆ ಮರದ ತುಂಡು ನಿಲ್ಲಿಸಿ, ಕಪ್ಲರ್ (ಬಾಲನ್ನು ಕಚ್ಚಿ ಹಿಡಿಯುವ ಕ್ಯಾರವಾನಿನ ಮೂತಿ) ಅದರ ಮೇಲೆ ಕೂರಲಿ. ಎಳೆಯುವಾಗ ಇರುವಷ್ಟೇ ಎತ್ತರದಲ್ಲಿ ಕ್ಯಾರವಾನ್ ಮಟ್ಟವಾಗಿರಬೇಕು. ಗ್ಯಾಸ್ ಸಿಲಿಂಡರ್, ನೀರು, ಹಾಸಿಗೆ, ಪಾತ್ರೆ ಎಲ್ಲ ಪ್ರಯಾಣದ ದಿನ ಇರುವಂತೆಯೇ ಇರಲಿ. 60 ಲೀಟರ್ ನೀರೆಂದರೆ 60 ಕೆಜಿ. ಟ್ಯಾಂಕ್ ಆಕ್ಸಲ್‌ಗಿಂತ ಮುಂದಿದೆಯೋ ಹಿಂದಿದೆಯೋ ಎಂಬುದರ ಮೇಲೆ ಮೂತಿಯ ಭಾರ ಏರುತ್ತದೆ ಅಥವಾ ಇಳಿಯುತ್ತದೆ.

ಬಂದ ಸಂಖ್ಯೆಗೆ ಪಿಕಪ್ಪಿನ ಹಿಂದಿನ ಆಕ್ಸಲ್‌ಗಿಂತ ಹಿಂದೆ ಇಡುವ ಸಾಮಾನಿನ ತೂಕ ಕೂಡಿಸಿ. 180ಕ್ಕೆ ಅಂಥ ಸಾಮಾನು 60 ಕೆಜಿ ಸೇರಿದರೆ 240 ಕೆಜಿ, ಅಂದರೆ ಸುಮಾರು 530 ಪೌಂಡ್. 600 ಪೌಂಡ್ ಎಂದರೆ 272 ಕೆಜಿ, ಸಾಕಷ್ಟು ಅಂತರ ಉಳಿಯಿತು. 1000 ಪೌಂಡ್ ಅಂದರೆ 454 ಕೆಜಿ. ಅಷ್ಟು ಗಟ್ಟಿ ಬಾರ್ ಬಾಗುವುದು ತೀರ ಕಡಿಮೆ. ಪ್ರತಿ ಹೊಂಡದ ಪೆಟ್ಟು ನೇರ ಕ್ಯಾರವಾನಿನ ಫ್ರೇಮಿಗೆ ಹೋಗಿ ವೆಲ್ಡಿಂಗ್ ಬಿಡಬಹುದು. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರದ ಹಿಡಿತವೂ ಕಮ್ಮಿಯಾಗಬಹುದು.

ಬಾರ್‌ಗಿಂತ ಮೊದಲು ನೋಡಬೇಕಾದ್ದು ರಿಸೀವರ್, ಅಂದರೆ ಪಿಕಪ್ಪಿನ ಚಾಸಿಗೆ ಬಿಗಿದ, ಹಿಚ್ ತೂರಿಸುವ ಚೌಕ ಕೊಳವೆ. ಅದರ ಚೀಟಿಯಲ್ಲಿ ವೇಟ್ ಡಿಸ್ಟ್ರಿಬ್ಯೂಷನ್‌ಗೆ ಬೇರೆಯೇ ಮಿತಿ ಬರೆದಿರಬೇಕು. ಬರೆದಿಲ್ಲದಿದ್ದರೆ ಹಾಕಬೇಡಿ. ಈ ಹಿಚ್ ರಿಸೀವರನ್ನು ಎಳೆಯುವುದಷ್ಟೇ ಅಲ್ಲ, ತಿರುಚುತ್ತದೆ. ವೆಲ್ಡಿಂಗ್ ಶಾಪ್‌ನಲ್ಲಿ ಹಿಂದಿನ ಬಂಪರಿಗೆ ಬೆಸೆದ ಆ್ಯಂಗಲ್ ತಡೆಯುವುದಿಲ್ಲ. ವಾಹನದ ಕೈಪಿಡಿಯಲ್ಲೂ ಇದಕ್ಕೆ ಒಪ್ಪಿಗೆ ಇರಬೇಕು. ಎಷ್ಟೇ ಒಳ್ಳೆಯ ಹಿಚ್ ಹಾಕಿದರೂ ಎಳೆಯುವ ಮಿತಿ ಒಂದು ಕೆಜಿಯೂ ಹೆಚ್ಚುವುದಿಲ್ಲ.

ಕ್ಯಾರವಾನಿಗೆ ಓವರ್‌ರನ್ ಬ್ರೇಕ್ ಇದ್ದರೆ, ಅಂದರೆ ಬ್ರೇಕ್ ಹಾಕಿದಾಗ ಕಪ್ಲರ್ ಒಳಕ್ಕೆ ಜಾರುವ ಬಗೆಯದಾದರೆ, ಬಾರ್‌ಗಳು ಆ ಜಾರುವಿಕೆಯನ್ನೇ ಹಿಡಿದು ನಿಲ್ಲಿಸಬಹುದು. ಘಟ್ಟ ಇಳಿಯುವಾಗ ಬ್ರೇಕ್ ಹಿಡಿಯದಿದ್ದರೆ ಗತಿಯೇನು? ಹಿಚ್ ಮತ್ತು ಕಪ್ಲರ್ ಎರಡರ ತಯಾರಕರೂ ಆಗುತ್ತದೆ ಎಂದು ಬರೆದಿದ್ದರೆ ಮಾತ್ರ ಮುಂದುವರಿಯಿರಿ. ಎಲೆಕ್ಟ್ರಿಕ್ ಬ್ರೇಕ್ ಆದರೆ ಈ ತಾಪತ್ರಯ ಇಲ್ಲ, ಆದರೆ ಅದನ್ನು ನಡೆಸುವ ಕಂಟ್ರೋಲರ್ ಪಿಕಪ್ಪಿನೊಳಗೆ ಬೇಕು. ಬಾಲ್ ಅಳತೆಯನ್ನೂ ಕಪ್ಲರ್ ಮೇಲೆ ಓದಿ. 50 ಮಿಮೀ ಮತ್ತು 2 ಇಂಚು ಒಂದೇ ಅಲ್ಲ, 2 ಇಂಚು ಅಂದರೆ 50.8 ಮಿಮೀ. ದೊಡ್ಡ ಕಪ್ಲರಿಗೆ ಸಣ್ಣ ಬಾಲ್ ಹಾಕಿದರೆ ಗಡಗಡ ಆಡಿ ಸವೆಯುತ್ತದೆ. ಸಣ್ಣದಕ್ಕೆ ದೊಡ್ಡದು ಹಾಕಿದರೆ ಲಾಕ್ ಪೂರ್ತಿ ಬೀಳುವುದಿಲ್ಲ.

ಕೂರಿಸುವಾಗ ಟೇಪ್ ಹಿಡಿಯಿರಿ. ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡ್ ಅಂಚಿನಿಂದ ನೆಲಕ್ಕೆ, ಕ್ಯಾರವಾನ್ ಇಲ್ಲದಾಗ 860 ಮಿಮೀ, ಬಾಲ್ ಮೇಲೆ ಕೂರಿಸಿದಾಗ 880 ಬಂತು ಅನ್ನಿ. ಬಾರ್ ಬಿಗಿದ ಮೇಲೆ 870ರಿಂದ 860ರ ನಡುವೆ ಇರಬೇಕು, ನಿಮ್ಮ ಕೈಪಿಡಿ ಬೇರೆ ಹೇಳಿದ್ದರೆ ಅದೇ ಅಂತಿಮ. 860ಕ್ಕಿಂತ ಕೆಳಗೆ ಇಳಿದರೆ ಬಿಗಿತ ಹೆಚ್ಚಾಗಿದೆ. ಬಾರ್‌ಗಳನ್ನು ಚೈನಿನಿಂದ ಬಿಗಿಯುವ ಮಾದರಿಯಾದರೆ ಎರಡೂ ಬದಿಯ ಕೊಂಡಿಗಳನ್ನು ಎಣಿಸಿ, ಸಮನಾಗಿರಬೇಕು. ಬಿಗಿತ ಸಾಲದಿದ್ದರೆ ಹಿಚ್ಚಿನ ತಲೆಯನ್ನು (ಬಾಲ್ ಕೂತಿರುವ ಭಾಗವನ್ನು) ಇನ್ನಷ್ಟು ವಾಲಿಸಿ. ಚೈನನ್ನು ಗಿಡ್ಡ ಮಾಡುತ್ತ ಹೋದರೆ ತಿರುವಿನಲ್ಲಿ ಅದು ಎಳೆದು ನಿಲ್ಲುತ್ತದೆ. ಬಾರ್ ಸಿಕ್ಕಿಸುವ ಮೊದಲು ಜಾಕ್‌ನಿಂದ ಕಪ್ಲರನ್ನೂ ಪಿಕಪ್ಪಿನ ಹಿಂಭಾಗವನ್ನೂ ಒಟ್ಟಿಗೆ ಎತ್ತಿ. ಹಾಗೆ ಮಾಡದೆ ಸನ್ನೆಕೋಲಿನ ಬಲದಲ್ಲೇ ಎಳೆದರೆ, ಕೈ ಜಾರಿದಾಗ ಸನ್ನೆಕೋಲು ಮುಖಕ್ಕೇ ಬಡಿಯುತ್ತದೆ.

ಹೊರಡುವ ಮೊದಲು ಬಯಲಿನಲ್ಲಿ ಎರಡೂ ಕಡೆ ಪೂರ್ತಿ ಸ್ಟೇರಿಂಗ್ ತಿರುಗಿಸಿ, ಬಾರ್ ಎಲ್ಲಿಗಾದರೂ ತಾಗುತ್ತದೋ ನೋಡಿ. ಹೆದ್ದಾರಿಯಿಂದ ಕಡಲ ಬದಿಯ ಅಡ್ಡದಾರಿಗೆ ಇಳಿಯುವಲ್ಲಿ ಆಳದ ತಗ್ಗಿದ್ದರೆ ಬಾರ್ ತೆಗೆದು ನಿಧಾನ ದಾಟಿ; ತಗ್ಗಿನಲ್ಲಿ ಬಾರ್ ಮಿತಿ ಮೀರಿ ಬಾಗುತ್ತದೆ, ದಿಬ್ಬದಲ್ಲಿ ಚೈನ್ ಸಡಿಲವಾಗಿ ಕಳಚಿಕೊಳ್ಳಬಹುದು. ಪಕ್ಕಕ್ಕೆ, ಬಾಲ ಬೀಸುವುದನ್ನು ತಡೆಯುವ ಘರ್ಷಣೆಯ ಸ್ವೇ ಬಾರ್ ಇದ್ದರೆ ರಿವರ್ಸ್ ತೆಗೆಯುವಾಗ ಬಿಚ್ಚಿ. ಜಾರುವ ರಸ್ತೆಯಲ್ಲಿ ಬಿಚ್ಚಲು ಅಥವಾ ಸಡಿಲಿಸಲು ಹೇಳುವ ತಯಾರಕರೂ ಇದ್ದಾರೆ, ಕೈಪಿಡಿ ನೋಡಿಕೊಳ್ಳಿ.

ಘಟ್ಟದ ತಲೆಯಲ್ಲಿ ಒಮ್ಮೆ ನಿಲ್ಲಿಸಿ ಪಿನ್, ಕ್ಲಿಪ್, ಸೇಫ್ಟಿ ಚೈನ್, ಲೈಟಿನ ಪ್ಲಗ್ ಕೈಯಿಂದ ಮುಟ್ಟಿ ನೋಡಿ. ಸಣ್ಣ ಗೇರಿನಲ್ಲಿ ಇಳಿಯಿರಿ. ಕೆಳಗೆ ಕತಗಾಲದಲ್ಲಿ ನಿಂತು ಕ್ಯಾರವಾನಿನ ಎರಡೂ ಹಬ್ ಹತ್ತಿರ ಅಂಗೈ ಹಿಡಿಯಿರಿ. ಒಂದು ಸುಡುವಷ್ಟು ಬಿಸಿ, ಇನ್ನೊಂದು ತಣ್ಣಗಿದ್ದರೆ ಬ್ರೇಕ್ ಒಂದೇ ಬದಿ ಹಿಡಿಯುತ್ತಿದೆ. ಅದನ್ನು ಸರಿಮಾಡಿಸದೆ ಕಾರವಾರಕ್ಕೆ ಹೊರಡಬೇಡಿ.