ಒಂದೇ ಪದ: ಒಬ್ಬರಿಗೆ ಬಿಸಿಲು, ಒಬ್ಬರಿಗೆ ಬಿರುಗಾಳಿ

ಪ್ರಶ್ನೆ: ಮಗಳು ಚೆಕ್ ದೇಶದ ಪ್ರಾಗ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿ ‘ಪೊಹೊದ’ ಅಂದರೆ ನೆಮ್ಮದಿಯಂತೆ. ನಾನು ಹಿಂದೆ ಕಲಿತ ಚೂರುಪಾರು ರಷ್ಯನ್‌ನಲ್ಲಿ ‘ಪೊಗೊದ’ ಅಂದರೆ ಹವೆ. ಎರಡೂ ಒಂದೇ ಪದವೇ?
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ಒಂದೇ. ಈ ಭಾಷೆಗಳೆಲ್ಲದರ ತಾಯಿನುಡಿಯಾದ ಹಳೆಯ ಸ್ಲಾವಿಕ್‌ನ ‘ಗ’ಕಾರ ಚೆಕ್, ಸ್ಲೊವಾಕ್, ಉಕ್ರೇನಿಯನ್‌ಗಳಲ್ಲಿ ‘ಹ’ಕಾರವಾಯಿತು, ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆದ ಹಾಗೆ. ರಷ್ಯನ್, ಪೋಲಿಷ್‌ಗಳಲ್ಲಿ ‘ಗ’ ಉಳಿಯಿತು. ಸದ್ದಿನ ಕತೆ ಇಷ್ಟೇ. ಮಜಾ ಇರುವುದು ಅರ್ಥದಲ್ಲಿ.

ಬೇರು ‘ಗೊದ್’. ತಕ್ಕ ಸಮಯ, ಹದವಾದ ಹೊತ್ತು ಎಂಬುದು ಅದರ ಹಳೆಯ ಅರ್ಥ. ಇಂಗ್ಲಿಷಿನ ‘ಗುಡ್’ ಕೂಡ ಇದರ ದೂರದ ನೆಂಟ. ಆ ಹೊತ್ತು ಎಷ್ಟುದ್ದ ಅನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ. ರಷ್ಯನ್ನರ ‘ಗೊದ್’, ಸರ್ಬಿಯನ್ನರ ‘ಗೊದಿನ’ ಒಂದು ವರ್ಷ. ಪೋಲಿಷ್ ‘ಗೊಜಿನ’ ಬರೀ ಒಂದು ಗಂಟೆ!

ಹೀಗಾಗಿ ‘ಪೊಗೊದ’ ಎಂದರೆ ಮೊದಲು ಕೆಲಸಕ್ಕೆ ಒದಗಿ ಬರುವ ಹವೆ. ಪೋಲೆಂಡಿನಲ್ಲಿ ಆ ವಾಸನೆ ಇನ್ನೂ ಹೋಗಿಲ್ಲ. ‘ನಾಳೆ ಪೊಗೊದ ಇರುತ್ತೆ’ ಎಂದರೆ ಅಲ್ಲಿ ಬಿಸಿಲು ಬರುತ್ತದೆ ಎಂದೇ ಅರ್ಥ. ಮಳೆಗಾಳಿಯ ದಿನಕ್ಕೆ ಮುಂದೆ ‘ಅಲ್ಲ’ ಸೇರಿಸಿ ‘ನ್ಯೆಪೊಗೊದ’ ಅನ್ನುತ್ತಾರೆ.

ಇಂದಿನ ಶಿಷ್ಟ ರಷ್ಯನ್‌ನಲ್ಲಿ ಪದ ಯಾವ ಕಡೆಗೂ ವಾಲುವುದಿಲ್ಲ. ಹಳ್ಳಿಮಾತು ಹಾಗಲ್ಲ. 19ನೇ ಶತಮಾನದಲ್ಲಿ ನಿಘಂಟುಕಾರ ವ್ಲಾದಿಮಿರ್ ದಾಲ್ ಇದನ್ನು ಗುರುತಿಸಿಟ್ಟಿದ್ದಾರೆ: ದಕ್ಷಿಣ, ಪಶ್ಚಿಮದ ಕಡೆ ‘ಪೊಗೊದ’ ಒಳ್ಳೆಯ ಹವೆ, ಉತ್ತರ, ಪೂರ್ವದ ಕಡೆ ಮಳೆ, ಹಿಮ, ಬಿರುಗಾಳಿ. ಒಂದೇ ಪದ, ಪೂರಾ ಉಲ್ಟಾ! ಚಳಿಯ ಸೀಮೆಯಲ್ಲಿ ಮಾತಿಗೆ ಬರುವ ಹವೆ ಜಾಸ್ತಿ ಕೆಟ್ಟದ್ದೇ ಇರುತ್ತದಲ್ವಾ, ಅದಕ್ಕೇ ಹೀಗಾಗಿರಬೇಕು ಅಂತ ನನ್ನ ಊಹೆ.

ಚೆಕ್ಕರು ಪದವನ್ನು ಆಕಾಶದಿಂದ ಇಳಿಸಿ ಮನಸ್ಸಿಗೆ ತಂದರು. ‘ಹೇಗಿದ್ದೀಯಾ?’ ಅಂದರೆ ‘ಫ್ ಪೊಹೊದ್ಯೆ’, ಅಂದರೆ ಆರಾಮು. ಅದೇ ಬೇರಿನ ‘ನೆಹೊದ’ ಅಪಘಾತ. ಹವೆಗೆ ಅವರು ಇಟ್ಟುಕೊಂಡದ್ದು ‘ಪೊಚಸೀ’. ಅದರೊಳಗಿರುವ ‘ಚಸ್’ ಎಂದರೂ ಸಮಯವೇ!

ಮಗಳು ರಜೆಗೆ ಸರ್ಬಿಯಾದ ಬೆಲ್‌ಗ್ರೇಡ್ ಕಡೆ ಹೋದರೆ ಅಲ್ಲಿ ಸಮಯಕ್ಕೂ ಹವೆಗೂ ಒಂದೇ ಪದ, ‘ವ್ರೆಮೆ’. ಇದು ಸಂಸ್ಕೃತದ ‘ವರ್ತ್ಮನ್’ (ದಾರಿ) ಪದದ ಸೋದರ. ಎರಡರ ಬೇರೂ ‘ತಿರುಗು’. ನಮ್ಮ ‘ವರ್ತಮಾನ’ವೂ ಅಲ್ಲಿಂದಲೇ ಬಂದದ್ದು. ಸ್ಲೊವೇನಿಯಾದಲ್ಲಿ ಮಾತ್ರ ‘ವ್ರೆಮೆ’ ಬರೀ ಹವೆ. ಗಂಟೆ ಕೇಳಲು ಆ ಪದ ಅಲ್ಲಿ ನಡೆಯುವುದಿಲ್ಲ.