ಕೇಳಿಸದ ಪದಗಳನ್ನು ಮರೆತವರು: ಒಂದು ಆಪ್ತಸಲಹೆ ಪ್ರಕರಣ

ನಿವೃತ್ತ ಶಿಕ್ಷಕರಾದ 72 ವರ್ಷದ ಹಿರಿಯರನ್ನು ಅವರ ಮಗಳು ನನ್ನ ಬಳಿಗೆ ಕರೆತಂದರು (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ). ಮನೆಯಿಂದಲೇ ವಿಡಿಯೊ ಕರೆಯಲ್ಲಿ ತೆಗೆದುಕೊಂಡ ಮೊಕಾ (MoCA) ಎಂಬ, ನೆನಪು ಮತ್ತು ಯೋಚನಾಶಕ್ತಿಯನ್ನು ಅಳೆಯುವ ಪರೀಕ್ಷೆಯಲ್ಲಿ ಅವರಿಗೆ 30ಕ್ಕೆ 21 ಅಂಕ ಬಂದಿತ್ತು. 26ಕ್ಕಿಂತ ಕಡಿಮೆ ಬಂದವರಿಗೆ ಹೆಚ್ಚಿನ ತಪಾಸಣೆ ಸೂಚಿಸುವುದು ವಾಡಿಕೆ. ಇದು ಡಿಮೆನ್ಷಿಯಾವೇ (ಮರೆಗುಳಿತನದ ಕಾಯಿಲೆ) ಎಂದು ನಿಶ್ಚಯಿಸಿಕೊಂಡ ಮಗಳು ತಂದೆಯ ಬ್ಯಾಂಕ್ ವ್ಯವಹಾರವನ್ನೆಲ್ಲ ತಾವೇ ವಹಿಸಿಕೊಂಡಿದ್ದರು. ತಂದೆ ಮಾತನ್ನೇ ಕಡಿಮೆ ಮಾಡಿದ್ದರು.

ಒಟ್ಟು ಅಂಕವನ್ನು ಬದಿಗಿಟ್ಟು ಉತ್ತರಗಳನ್ನು ಒಂದೊಂದಾಗಿ ನೋಡಿದೆ. ಗಡಿಯಾರದ ಚಿತ್ರ, ಪ್ರಾಣಿಗಳ ಹೆಸರು, ದಿನಾಂಕ ಎಲ್ಲವೂ ಸರಿಯಾಗಿದ್ದವು. ಹೋದ 9 ಅಂಕಗಳಲ್ಲಿ 8 ಅಂಕ ಹೋದದ್ದು ಪರೀಕ್ಷಕರು ಓದಿದ್ದನ್ನು ಕೇಳಿಸಿಕೊಂಡು ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ. ನೆನಪಿಡಬೇಕಾದ ಐದು ಪದಗಳನ್ನು ಅವರು ಮೊದಲ ಸಲ ಹೇಳುವಾಗಲೇ ತಪ್ಪಾಗಿ ಹೇಳಿದ್ದರು. ಆ ಹಂತಕ್ಕೆ ಅಂಕವಿಲ್ಲದ ಕಾರಣ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಮರೆಯಬೇಕಾದರೂ ಮೊದಲು ಕೇಳಿಸಿರಬೇಕಲ್ಲ!

“ಕಿವಿಯ ಪರೀಕ್ಷೆಯನ್ನೂ ಮೊಬೈಲಿನಲ್ಲೇ ಮಾಡಿದ್ದೇವೆ, ಸರಿಯಾಗಿದೆ” ಎಂದರು ಮಗಳು. ಅದು ಬೀಪ್ ಶಬ್ದ ಕೇಳಿಸುವ ಆ್ಯಪ್. ಹೆಡ್‌ಫೋನಿನ ಶಬ್ದವನ್ನು ಪೂರ್ತಿ ಏರಿಸಿಕೊಂಡಿದ್ದರು. ಅಳತೆಗೆ ಹೊಂದಿಸದ ಹೆಡ್‌ಫೋನಿನಲ್ಲಿ ಎಷ್ಟು ಡೆಸಿಬೆಲ್ ಕೇಳಿಸಿತೆಂದು ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಆ್ಯಪ್‌ನಂಥವು ಗದ್ದಲದ ನಡುವೆ ಅಂಕಿಗಳನ್ನು ಗುರುತಿಸಲು ಹೇಳುತ್ತವೆ. ಅಲ್ಲಿ ಮುಖ್ಯವಾದದ್ದು ಮಾತಿಗೂ ಗದ್ದಲಕ್ಕೂ ಇರುವ ಅನುಪಾತ, ಆದ್ದರಿಂದ ಮೊದಲ ಸೋಸುವಿಕೆಗೆ ಅವು ಮನೆಯಲ್ಲೂ ಒದಗುತ್ತವೆ. ಆದರೂ ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ಅದನ್ನು ನೋಡಲು ವೈದ್ಯರ ಕಣ್ಣೇ ಬೇಕು.

ನಾನು ಸೂಚಿಸಿದ ಕ್ರಮದಲ್ಲಿ ಕಿವಿ ಮೊದಲು, ನೆನಪು ಆಮೇಲೆ. ಕಿವಿ ವೈದ್ಯರಿಂದ ತಪಾಸಣೆ, ಶಬ್ದನಿರೋಧಕ ಕೋಣೆಯಲ್ಲಿ ಆಡಿಯೊಮೆಟ್ರಿ (ಕೇಳುವ ಶಕ್ತಿಯ ಅಳತೆ), ಅಗತ್ಯವಿದ್ದರೆ ಶ್ರವಣ ಸಾಧನ. ಅದು ಕಿವಿಗೆ ಒಗ್ಗಿದ ಮೇಲೆ ಮೊಕಾದ ಬೇರೊಂದು ಆವೃತ್ತಿಯನ್ನು, ಮೊದಲಿನ ಪದಗಳ ನೆನಪು ನೆರವಾಗದಂತೆ, ಎದುರಾ ಎದುರು ಕುಳಿತು ಮಾಡಿಸುವುದು. ಪರೀಕ್ಷಕರು ಮಾಸ್ಕ್ ತೆಗೆದು ತುಟಿ ಕಾಣುವಂತೆ ಕುಳಿತುಕೊಳ್ಳಲಿ ಎಂದೂ ಕೇಳಿಕೊಂಡೆ, ಏಕೆಂದರೆ ಆಸ್ಪತ್ರೆಗೆ ಹೋದ ಮಾತ್ರಕ್ಕೆ ಪರೀಕ್ಷೆ ನ್ಯಾಯವಾಗಿಬಿಡುವುದಿಲ್ಲ. ಮಗಳಿಗೆ ಹೇಳಿದ್ದು ಎರಡೇ ಮಾತು: ಪರೀಕ್ಷೆಯ ವೇಳೆ ಪಕ್ಕದಲ್ಲಿ ಕುಳಿತು ಉತ್ತರ ಹೇಳಿಕೊಡಬೇಡಿ, ಫಲಿತಾಂಶ ಬರುವವರೆಗೆ ತಂದೆಯ ಯಾವ ಅಧಿಕಾರವನ್ನೂ ಕಿತ್ತುಕೊಳ್ಳಬೇಡಿ.

ಎರಡರಲ್ಲಿ ಉತ್ತಮವಾದ ಕಿವಿಗೇ ಶಬ್ದ ಕೇಳಿಸತೊಡಗಲು ಸರಾಸರಿ 48 ಡೆಸಿಬೆಲ್ ಬೇಕಾಗಿತ್ತು, ಅಂದರೆ ಮಧ್ಯಮ ಪ್ರಮಾಣದ ಶ್ರವಣದೋಷ ಕಂಡುಬಂತು. ಸಾಧನ ಹಾಕಿಕೊಂಡು ತೆಗೆದುಕೊಂಡ ಮೊಕಾ ಪರೀಕ್ಷೆಯಲ್ಲಿ 25 ಅಂಕ ಬಂತು. ಐದು ಪದಗಳನ್ನೂ ಸರಿಯಾಗಿ ಕೇಳಿಸಿಕೊಂಡಿದ್ದರೂ ಆಮೇಲೆ ಎರಡನ್ನು ಮಾತ್ರ ನೆನಪಿಸಿಕೊಂಡರು. ಹಾಗಾಗಿ ಆತಂಕ ಪೂರ್ತಿ ಸುಳ್ಳೆಂದು ನಾನು ಹೇಳಲಿಲ್ಲ. ನರರೋಗ ತಜ್ಞರಲ್ಲಿಗೆ ಕಳುಹಿಸಿದೆ. ಪಾಸ್‌ಬುಕ್ ಮಾತ್ರ ತಂದೆಯ ಮೇಜಿಗೆ ಮರಳಿತು. ನಮ್ಮ ಮುಂದಿನ ಮಾತುಕತೆಗಳು ಅವರ ಇಷ್ಟದಂತೆ ವಿಡಿಯೊ ಕರೆಯಲ್ಲೇ ನಡೆಯುತ್ತಿವೆ, ಈಗ ಪರದೆಯ ಮೇಲೆ ನನ್ನ ಮಾತು ಅಕ್ಷರವಾಗಿಯೂ ಮೂಡುತ್ತದೆ.