ಹೆಸರು ಹೊಸದು, ಕಾಳು ಹಳೆಯದು

ಪ್ರಶ್ನೆ: ವಿದೇಶಿ ಅಡುಗೆಯ ವಿಧಾನವೊಂದರಲ್ಲಿ ಕಾರ್ನ್‌ಸ್ಟಾರ್ಚ್, ಪೊಲೆಂಟಾ, ತಾಹಿನಿ ಎಂಬ ಹೆಸರುಗಳಿದ್ದವು. ಮೊದಲನೆಯದು ಗೋವಿನಜೋಳದ ಹಿಟ್ಟೆಂದು ತಿಳಿದು, ಗಿರಣಿಯಲ್ಲಿ ಬೀಸಿಸಿ ಸೂಪಿಗೆ ಹಾಕಿದೆ. ಸೂಪು ನಯವಾಗಿ ಗಟ್ಟಿಯಾಗದೆ ಹಸಿಹಿಟ್ಟಿನ ವಾಸನೆ ಬಂತು. ಇವು ನಮ್ಮಲ್ಲಿ ಸಿಗುತ್ತವೆಯೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ತಪ್ಪು ನಿಮ್ಮದಲ್ಲ, ಹೆಸರಿನದು. ಅಮೆರಿಕದವರು ಕಾರ್ನ್‌ಸ್ಟಾರ್ಚ್ ಎನ್ನುವುದನ್ನೇ ನಮ್ಮ ಕಿರಾಣಿ ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುತ್ತಾರೆ. ಆದರೆ ಅಮೆರಿಕದಲ್ಲಿ ಕಾರ್ನ್‌ಫ್ಲೋರ್ ಎಂದರೆ ನೀವು ಬೀಸಿಸಿದಂಥ ನುಣ್ಣನೆಯ ಹಿಟ್ಟು. ಸ್ಟಾರ್ಚ್ ಎಂಬುದು ಕಾಳಿನ ಸಿಪ್ಪೆ, ಮೊಳಕೆ, ಪ್ರೋಟೀನುಗಳನ್ನು ಬೇರ್ಪಡಿಸಿ ತೆಗೆದ ಅಚ್ಚಬಿಳಿಯ ಪಿಷ್ಟ. ಎರಡು ಬೆರಳ ನಡುವೆ ಒತ್ತಿದರೆ ಅದು ಕಿರುಗುಟ್ಟುತ್ತದೆ, ಹಿಟ್ಟು ಹಾಗೆ ಮಾಡುವುದಿಲ್ಲ. 1 ಚಮಚ ಪಿಷ್ಟವನ್ನು 2 ಚಮಚ ತಣ್ಣೀರಿನಲ್ಲಿ ಕದಡಿ, ಕುದಿಯುವ ಸೂಪಿಗೆ ಸುರಿಯಿರಿ. ಬಿಸಿಯಲ್ಲಿ ನೇರವಾಗಿ ಉದುರಿಸಿದರೆ ಗಂಟಾಗುವುದು ಖಂಡಿತ.

ಪೊಲೆಂಟಾ ಉತ್ತರ ಇಟಲಿಯ ಊಟ. ತರಿಯಾಗಿ ಒಡೆದ ಗೋವಿನಜೋಳವನ್ನು ಸುಮಾರು ನಾಲ್ಕು ಪಟ್ಟು ನೀರಿನಲ್ಲಿ ತಿರುವುತ್ತ ಬೇಯಿಸುತ್ತಾರೆ. ಜೋಳದ ನುಚ್ಚು ಮಾಡಿ ಮಜ್ಜಿಗೆಯೊಡನೆ ಉಣ್ಣುವ ನಮ್ಮ ಭಾಗದವರಿಗೆ ಈ ಕೆಲಸವನ್ನು ಕಲಿಸಬೇಕಾಗಿಲ್ಲ (ಅವರು ಮಜ್ಜಿಗೆಯ ಬದಲು ಬೆಣ್ಣೆ, ಚೀಸ್ ಹಾಕುತ್ತಾರೆ, ಅಷ್ಟೇ).

ತಾಹಿನಿ ಅರಬ್ ನಾಡುಗಳ ಎಳ್ಳಿನ ಮೆತ್ತನೆಯ ಅರಪು. ಸಿಪ್ಪೆ ತೆಗೆದ ಬಿಳಿ ಎಳ್ಳನ್ನು ಬಣ್ಣ ತಿರುಗದಂತೆ ಹದವಾಗಿ ಹುರಿದು, ಆರಿಸಿ, ತುಸು ಎಣ್ಣೆ ಸೇರಿಸಿ ಮಿಕ್ಸರಿನಲ್ಲಿ ಸುರಿಯುವಷ್ಟು ತೆಳ್ಳಗೆ ಅರೆಯಿರಿ. ಮನೆಯಲ್ಲಿದೆಯೆಂದು ಗುರೆಳ್ಳು ಮಾತ್ರ ಬಳಸಬೇಡಿ. ಅದು ಬೇರೆಯೇ ಗಿಡದ ಬೀಜ.